ಆರಿದ ಭಟ್ಟಿಯ ಮುಂದೆ ಶೂಟಿಂಗ್

ನಾನು ಹರಿಹರದಿಂದ ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೊದಲ ಪೀರಿಯಡ್ಡೇ ನನ್ನದು. ತಡವಾಗಿ ಬರುವ ಮಕ್ಕಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯಂತೂ ಪಾಠ ಮುಗಿಯುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ನಾನು ಹರಿಹರದಿಂದ ಬಂದು ಮುಟ್ಟೀನಿ. ಊರಾಗೇ ಇದ್ದು ನಿಂಗೇನು ಧಾಡಿ?" ಎಂದರೆ ನೆಲ ನೋಡುತ್ತಿದ್ದಳು. ಅವರದು ಮಂಡಕ್ಕಿ ಹುರಿಯುವ ಭಟ್ಟಿ, ಬೆಳಗಿನ ಕೆಲಸಕ್ಕೆ ಅವಳ ಕೈಯೂ ಬೇಕು ಎಂದು ಆಮೇಲೆ ತಿಳಿಯಿತು. ಒಂಬತ್ತನೇ ತರಗತಿ ಮುಗಿದ ಮೇಲೆ ಶಾಲೆ ಬಿಡಿಸುವುದಾಗಿ ಅವಳ ತಾಯಿ ಪೋಷಕರ ಸಭೆಯಲ್ಲೇ ಹೇಳಿದ್ದರು. "ತಲೆಗೆ ಹತ್ತಲ್ಲ ಮಿಸ್. ಸುಮ್ನೆ ಯಾಕ?"

ಆ ವರ್ಷ ಪಾಠಗಳನ್ನು ಮಕ್ಕಳೇ ಮೊಬೈಲಿನಲ್ಲಿ ವಿಡಿಯೊ ಮಾಡಲಿ ಎಂದು ತಂಡ ಕಟ್ಟಿದೆ. ಬರೆಯಿರಿ ಎಂದರೆ ಆಕಳಿಸುತ್ತಿದ್ದವರು ಶೂಟಿಂಗ್ ಎಂದೊಡನೆ ಎದ್ದು ಕೂತರು. ಆವಿ ಹಿಗ್ಗುವುದನ್ನು ಮಂಡಕ್ಕಿ ಭಟ್ಟಿಯಲ್ಲಿ ತೋರಿಸೋಣ ಎಂದಿತು ಈ ಹುಡುಗಿಯ ತಂಡ. ವಿಡಿಯೊದಲ್ಲಿ ಮಾತಾಡುವವಳು ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗಿ. ಅವಳು ಅಭ್ಯಾಸ ಮಾಡುವಾಗಲೆಲ್ಲ ಭಟ್ಟಿಮನೆಯ ಇವಳು ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಇವಳದು ಮನೆ ತೋರಿಸುವ ಕೆಲಸ, ಅಷ್ಟೇ.

ಶನಿವಾರ ಶಾಲೆ ಬಿಟ್ಟ ಮೇಲೆ ಹೋದೆವು. ನೋಡಿದರೆ ಭಟ್ಟಿ ಆರಿದೆ! ಶೂಟಿಂಗಿಗೆ ಬರುತ್ತಾರೆಂದು ಬೆಂಕಿ ಆರಿಸಿ, ಮಸಿ ಹಿಡಿದ ಗೋಡೆಗೆ ಸುಣ್ಣ ಬಳಿದು, ನೆಲ ತೊಳೆದು ರಂಗೋಲಿ ಹಾಕಿದ್ದರು. ತಾಯಿ ರೇಷ್ಮೆ ಸೀರೆಯಲ್ಲಿ ನಿಂತಿದ್ದರು. "ಬರ್ರಿ ಮಿಸ್, ಕೂಡ್ರಿ. ಹೊಗೆ, ಧೂಳು ಏನೂ ಇಲ್ದಂಗೆ ಮಾಡೀವಿ." ಮಂಡಕ್ಕಿ, ಮಿರ್ಚಿಯ ತಟ್ಟೆ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಹೊತ್ತಿಸಿ ಮರಳು ಕಾಯುವಷ್ಟರಲ್ಲಿ ಸಂಜೆಯಾಗುತ್ತಿತ್ತು; ಹಾಗೇ ಶುರು ಮಾಡಿ ಎಂದೆ.

ಜಾಣ ಹುಡುಗಿ ಬಾಯಿಪಾಠ ಶುರು ಮಾಡಿದಳು. "ಈಗ ನೋಡಿ, ಅಕ್ಕಿ ಉಬ್ಬುತ್ತಿದೆ" ಎಂಬಲ್ಲಿಗೆ ಬಂದು, ತಣ್ಣನೆಯ ಬಾಣಲೆ ನೋಡಿ ನಿಂತುಬಿಟ್ಟಳು. ಉಳಿದವರು ಕಿಸಕ್ಕೆಂದರು.

"ಎಲ್ಲ ನಿನ್ನಿಂದ್ಲೇ ಕೆಡ್ತು ನೋಡವ್ವ" ಎಂದು ಭಟ್ಟಿಮನೆಯ ಹುಡುಗಿ ತಾಯಿಯ ಮೇಲೆ ಸಿಡುಕಿದಳು. ತಾಯಿಯ ಮುಖ ಬಾಡಿತು. ಅದನ್ನು ಕಂಡೋ ಏನೋ, ಹುಡುಗಿ ಉದ್ದ ಹಿಡಿಯ ಸಟ್ಟುಗ ಎತ್ತಿಕೊಂಡು ತಾನೇ ಬಾಣಲೆಯ ಮುಂದೆ ನಿಂತಳು.

"ರೆಕಾರ್ಡ್ ಮಾಡ್ರೇ. ಇಲ್ಲಿ ಬೆಂಕಿ ಐತೆ ಅಂದ್ಕೊಳ್ರಿ. ಮರಳು ಕಾದೈತೆ, ಅಕ್ಕಿ ಹಾಕ್ತೀನಿ. ಅಕ್ಕಿ ಒಳಗೆ ಒಂಚೂರು ನೀರು ಉಳಿದಿರ್ತೈತೆ. ಅದು ಆವಿ ಆಗಿ, ಹೊರಗೆ ಬರಾಕೆ ದಾರಿ ಸಿಗದೆ ಕಾಳನ್ನೇ ಉಬ್ಬಿಸ್ತೈತೆ."

ಇಲ್ಲದ ಅಕ್ಕಿಯನ್ನು ತಿರುವಿದಳು, ಇಲ್ಲದ ಮರಳನ್ನು ಜರಡಿ ಹಿಡಿದಳು. ಪೂರ್ತಿ ಒಣಗಿದ ಅಕ್ಕಿ ಯಾಕೆ ಉಬ್ಬುವುದಿಲ್ಲ ಎಂಬುದನ್ನೂ ಬಿಡಲಿಲ್ಲ. ವರ್ಷವಿಡೀ ನಾನು ಕೇಳದಿದ್ದ ದನಿ ಅದು.

ವಿಡಿಯೊವನ್ನು ತಾಯಿಗೆ ತೋರಿಸಿದೆ. "ಇನ್ನೊಂದ್ಸಲ ಹಚ್ರಿ" ಎಂದರು. ಎರಡನೇ ಸಲ ನೋಡುವಾಗ ರೇಷ್ಮೆ ಸೆರಗಿನಿಂದಲೇ ಕಣ್ಣೊರೆಸಿಕೊಂಡರು.

"ಇದನ್ನೆಲ್ಲ ಸಾಲ್ಯಾಗೆ ಹೇಳಿಕೊಡ್ತೀರೇನ್ರಿ?"

"ಹೌದ್ರಿ, ಮೊದಲ್ನೇ ಪೀರಿಯಡ್‌ನಾಗೆ. ಆ ಹೊತ್ತಿಗೆ ನಿಮ್ಮ ಮಗಳು ಇರಾದೇ ಇಲ್ಲ."

ಅವರು ಮಗಳ ಕೈಯಿಂದ ಸಟ್ಟುಗ ಇಸಿದುಕೊಂಡರು. "ಸೋಮವಾರದಿಂದ ಮುಂಜಾನೆ ಭಟ್ಟಿಗೆ ಬರಬ್ಯಾಡ. ನಾನು ಹೆಂಗೋ ನೋಡ್ಕೊಂತೀನಿ."

ಸೋಮವಾರ ಹರಿಹರದ ಬಸ್ಸು ಕೈಕೊಟ್ಟಿತು. ಏದುಸಿರು ಬಿಡುತ್ತಾ ತರಗತಿಯ ಬಾಗಿಲಿಗೆ ಬಂದಾಗ ಅವಳು ಮೊದಲ ಬೆಂಚಿನಲ್ಲಿ ಕೂತಿದ್ದಳು. ತಡವಾಗಿ ಬಂದವಳು ನಾನು.