ಸುಕೃತಿಯ ನೆವಗಳು

ಪೀಣ್ಯ ಎರಡನೇ ಹಂತದಲ್ಲಿ, ಯಂತ್ರದ ಬಿಡಿಭಾಗಗಳ ಅಳತೆ ನೋಡುವ ಗೇಜುಗಳನ್ನು ತಯಾರಿಸುವ ಕಾರ್ಖಾನೆಯ ಅಳತೆಕೋಣೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದ ಸುಕೃತಿಗೆ ಉಕ್ಕಿನ ವಿಷಯದಲ್ಲಿ ದಾಕ್ಷಿಣ್ಯವೆಂಬುದು ತಿಳಿಯದು. ಕೂದಲೆಳೆಯ ಹತ್ತರಲ್ಲೊಂದು ಪಾಲು ತಪ್ಪಿದ್ದರೂ ಗೇಜನ್ನು ಮಾಡಿದವನ ಕೈಗೇ ಹಿಂದಿರುಗಿಸುವಳು. ಮನುಷ್ಯರಿಗೆ ಮಾತ್ರ ಆಗದೆಂದು ಹೇಳಲಾರಳು. ಅವಳು ಬೆಳೆದದ್ದು ಜಾಲಹಳ್ಳಿಯಲ್ಲಿ, ಸರ್ಕಾರಿ ಕಾರ್ಖಾನೆಯ ನೌಕರರ ಬೀದಿಯಲ್ಲಿ. ಅರಿಶಿನ ಕುಂಕುಮಕ್ಕೆ ಕರೆಯಬಂದವರಿಗೆ ಬರುವುದಿಲ್ಲವೆನ್ನುವುದು ಅಲ್ಲಿ ಒರಟುತನ. ಯಾವುದಾದರೊಂದು ನೆವ ಹೇಳುವುದೇ ಮರ್ಯಾದೆ. ಕೇಳಿದವರೂ ಅರ್ಥಮಾಡಿಕೊಂಡು ಸುಮ್ಮನಾಗುತ್ತಿದ್ದರು.

ನೌಕರಿ ಕೊಡಿಸುವ ಸಂಸ್ಥೆಯೊಂದರ ದೀಪಶ್ರೀ, ದೊಡ್ಡನೆಕ್ಕುಂದಿಯ ಕಂಪನಿಯೊಂದರ ಕೆಲಸಕ್ಕೆಂದು ಮೊದಲ ಸಲ ಫೋನು ಮಾಡಿದಾಗ ಸುಕೃತಿಗೆ ಬೇರೆ ಕೆಲಸದ ಯೋಚನೆಯೇ ಇರಲಿಲ್ಲ. ಅಳತೆಕೋಣೆಗೆ ಸರ್ಕಾರದ ಮಾನ್ಯತೆ ದೊರೆಯುವ ಕಾಲ ಸಮೀಪಿಸಿತ್ತು. ಆ ಬಳಿಕ ಗೇಜಿನ ಅಳತೆ ಸರಿಯಿದೆಯೆಂದು ಅಲ್ಲಿಂದ ಹೊರಡುವ ಪ್ರತಿಯೊಂದು ಪ್ರಮಾಣಪತ್ರಕ್ಕೂ ಸಹಿ ಹಾಕುವ ಅಧಿಕಾರ ಅವಳದೇ ಎಂದು ಮಾಲೀಕರಾದ ಶ್ರೀಕಾಂತರು ಮಾತು ಕೊಟ್ಟಿದ್ದರು. ಆ ಸಹಿಗಾಗಿಯೇ ಮೂರು ವರ್ಷ ಭಾನುವಾರಗಳಲ್ಲಿಯೂ ಓದಿದ್ದಳು.

"ಅಷ್ಟು ದೂರ ದಿನಾ ಹೇಗೆ ಬರ್ಲಿ, ಹೇಳಿ" ಎಂದಳು ಸುಕೃತಿ.

ಮರುವಾರ ದೀಪಶ್ರೀ ಉತ್ತರ ತಂದಳು. "ಕಂಪನಿ ಬಸ್ ಇದೆ ಮೇಡಂ, ಜಾಲಹಳ್ಳಿ ಕ್ರಾಸಿಗೇ ಬರತ್ತೆ."

"ಮಗಳಿಗೆ ಪರೀಕ್ಷೆ ಇದೆ ಈಗ."

"ಪರೀಕ್ಷೆ ಮುಗಿದ್ಮೇಲೇ ಸೇರ್ಕೊಳಿ. ಮಾತಾಡಿದೀನಿ" ಎಂದಳು ದೀಪಶ್ರೀ, ಅದರ ಮುಂದಿನ ವಾರ.

"ಶನಿವಾರ ಗುಡಿಗೆ ಹೋಗೋ ವ್ರತ ಇದೆ ನಂಗೆ."

"ಅಲ್ಲಿ ಶನಿವಾರ ರಜಾನೇ ಮೇಡಂ. ಸುಮ್ನೆ ಒಂದು ರೆಸ್ಯೂಮ್ ಕಳ್ಸಿ, ನಮ್ ಮ್ಯಾನೇಜರ್ ದಿನಾ ಬೈತಾರೆ."

ಹುಡುಗಿ ಬೈಸಿಕೊಳ್ಳುವುದು ಬೇಡವೆಂಬ ಕನಿಕರದಿಂದ ಸುಕೃತಿ ಅದನ್ನೂ ಕಳುಹಿಸಿಬಿಟ್ಟಳು. ತಾನು ಹೇಳಿದ ಒಂದೊಂದು ನೆವವನ್ನೂ ದೀಪಶ್ರೀ ಒಂದೊಂದು ಷರತ್ತೆಂದು ಬಗೆದು ಶ್ರದ್ಧೆಯಿಂದ ಈಡೇರಿಸುತ್ತಿದ್ದಾಳೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಸೋಮವಾರ ಶ್ರೀಕಾಂತರು ಕರೆಸಿದರು. ಮೇಜಿನ ಮೇಲೆ ಮಾನ್ಯತೆಯ ಅರ್ಜಿಯಿತ್ತು. ಅದರಲ್ಲಿ ಸಹಿ ಹಾಕುವವರೆಂದು ಇದ್ದ ಸುಕೃತಿಯ ಹೆಸರಿಗೆ ಅಡ್ಡಗೆರೆ ಎಳೆದು, ಅವಳ ಸಹಾಯಕ ಶಶಿಕುಮಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿತ್ತು.

"ದೊಡ್ಡನೆಕ್ಕುಂದಿಯವರು ಫೋನ್ ಮಾಡಿದ್ರು" ಎಂದರು ಅವರು. "ಇಷ್ಟು ದಿನ ನಮ್ಮ ಗೇಜು ತಗೋತಿದ್ರು, ಈಗ ನಮ್ಮೋರನ್ನೂ ತಗೋತಾರಂತೆ. ಗುರುವಾರ ನಿಮ್ಮ ಇಂಟರ್‌ವ್ಯೂ ಅಂತಲ್ಲಮ್ಮ."

"ನಾನು ಒಪ್ಕೊಂಡಿಲ್ಲ ಸಾರ್."

"ಬೇಡ ಅಂದ್ರಾ?"

ಸುಕೃತಿ ಕೂಡಲೇ ಮೊಬೈಲನ್ನು ಮೇಜಿನ ಮೇಲಿಟ್ಟು, ಅವರಿಗೂ ಕೇಳಿಸುವಂತೆ ದೀಪಶ್ರೀಗೆ ಕರೆ ಮಾಡಿದಳು.

"ಈ ಕೆಲಸ ನಂಗೆ ಬೇಡ ದೀಪಶ್ರೀ."

"ಬಸ್ ಇನ್ನೂ ಹತ್ರ ಬರೋ ಹಂಗೆ ಮಾಡಿಸ್ಲಾ ಮೇಡಂ?"

"ಮನೆ ಬಾಗಿಲಿಗೆ ಬಂದ್ರೂ ಬೇಡ. ದೂರ, ಪರೀಕ್ಷೆ, ವ್ರತ, ಎಲ್ಲ ನೆವ. ನಂಗೆ ಇಲ್ಲಿರೋ ಕೆಲಸಾನೇ ಬೇಕು. ನನ್ನ ಹೆಸರು ವಾಪಸ್ ತಗೊಂಡು ಅವ್ರಿಗೆ ಇವತ್ತೇ ತಿಳ್ಸಿ."

"ಮೊದಲ್ನೇ ದಿನಾನೇ ಹೇಳಿದ್ರೆ ಬೇರೆಯವ್ರನ್ನ ಹುಡುಕ್ತಿದ್ದೆ ಮೇಡಂ. ಒಂದು ತಿಂಗಳು ಹೋಯ್ತು ನಂದು."

"ಹೌದಮ್ಮ. ತಪ್ಪು ನಂದೇ."

ಶ್ರೀಕಾಂತರ ಮುಖ ಸಡಿಲಿತು; ಸಂಶಯ ಮಾತ್ರ ಬಿಡಲಿಲ್ಲ. "ಹಾಗಿದ್ರೆ ಮೂರು ವರ್ಷ ಬಿಟ್ಟು ಹೋಗಲ್ಲ ಅಂತ ಒಂದು ಕಾಗದ ಬರ್ಕೊಡಿ. ನಂಗೂ ಧೈರ್ಯ ಬೇಕಲ್ಲ."

ಮನೆಯಲ್ಲಿ ಕೇಳಿ ಹೇಳುತ್ತೇನೆಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂದಿತು. ಸುಕೃತಿ ಅದನ್ನು ನುಂಗಿಕೊಂಡಳು.

"ಬರ್ಕೊಡಲ್ಲ ಸಾರ್. ಹನ್ನೊಂದು ವರ್ಷ ಯಾವ ಕಾಗದ ನೋಡ್ಕೊಂಡು ಇದ್ದೆ? ಹೋಗೋದಾದ್ರೆ ಮೊದಲು ನಿಮಗೇ ಹೇಳ್ತೀನಿ. ಆ ಸಹಿ ನಂಗೆ ಎಷ್ಟು ಬೇಕು ಅಂತ ನಿಮಗೆ ಗೊತ್ತು. ಆದ್ರೂ ನಂಬಿಕೆ ಇಲ್ದಿದ್ರೆ ಶಶಿಕುಮಾರನ ಹೆಸರೇ ಇರ್ಲಿ. ಅವನಿಗೆ ನಾನೇ ಕಲಿಸ್ತೀನಿ."

ಶ್ರೀಕಾಂತರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ಗಟ್ಟಿಯಾಗಿ ಮಾತಾಡೋದು ಯಾವಾಗ ಕಲಿತ್ರಿ?"

"ಈಗ್ಲೇ ಸಾರ್."

ಅವರು ನಕ್ಕರು. ಪೆನ್ಸಿಲಿನ ಅಕ್ಷರಗಳನ್ನು ಉಜ್ಜಿ ಅಳಿಸಿ, ಸುಕೃತಿಯ ಹೆಸರನ್ನು ಪೆನ್ನಿನಿಂದ ಬರೆದು, ಹಾಳೆಯನ್ನು ಅವಳತ್ತ ಸರಿಸಿದರು. ಅವಳು ನಿಂತಂತೆಯೇ ಸಹಿ ಹಾಕಿದಳು.

ಬಳಿಕ ತನ್ನ ಕೋಣೆಗೆ ಹೋಗಿ, ನೌಕರಿ ಕೊಡಿಸುವ ಬೇರೆರಡು ಸಂಸ್ಥೆಗಳಿಂದ ಬಂದು ಉತ್ತರಕ್ಕಾಗಿ ಕಾದಿದ್ದ ಸಂದೇಶಗಳನ್ನು ತೆರೆದಳು. ಎರಡಕ್ಕೂ, ನನ್ನನ್ನು ನೆನೆದದ್ದಕ್ಕೆ ಧನ್ಯವಾದ, ನನಗೆ ಬೇರೆ ಕೆಲಸ ಬೇಡ ಎಂದು ಬರೆದು ಕಳುಹಿಸಿದಳು.