ನಾಲ್ಕು ದಿನಕ್ಕೆ ಎರಡು ವರ್ಷ

ಆ ದಿನವೂ ಡೋಲ್ಮಾ ನಾನೇಳುವ ಮೊದಲೇ ಎದ್ದು, ಉಪ್ಪು ಹಾಕಿದ ಚಹಾ ಕುಡಿದು, ನಮ್ಮ ಮುಂಗೋಣೆಯಲ್ಲಿ ಸ್ವೆಟರುಗಳನ್ನು ಮಡಿಸುತ್ತ ಬೆವರುತ್ತಿದ್ದಳು. ಡಿಸೆಂಬರಿನ ಬೆಳಗು. ನನ್ನ ಮಕ್ಕಳು ಕಿವಿಗೆ ಮಫ್ಲರ್ ಸುತ್ತಿಕೊಂಡು ನಡುಗುತ್ತಿದ್ದರೆ ಆಕೆ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ, "ಏನ್ ಶೆಕಿ ಅಕ್ಕಾರ ನಿಮ್ಮೂರಾಗ!" ಎನ್ನುತ್ತಿದ್ದಳು.

ಹುಡುಗಿಯಾಗಿದ್ದಾಗ ಟಿಬೆಟ್ಟಿನಿಂದ ಹಿಮದ ಗುಡ್ಡ ದಾಟಿ ಬಂದವಳು ಆಕೆ. ಮನೆ ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲಿ. ಮಳೆಗಾಲದಲ್ಲಿ ಅಲ್ಲಿ ಗೋವಿನಜೋಳ ಬೆಳೆದು, ದೀಪಾವಳಿ ಮುಗಿದದ್ದೇ ಗಂಟು ಹೊತ್ತು ರಾಣೆಬೆನ್ನೂರಿಗೆ ಬಂದು ನಮ್ಮ ಮುಂಗೋಣೆ ಬಾಡಿಗೆಗೆ ಹಿಡಿಯುತ್ತಿದ್ದಳು. ಬ್ಯಾಡಗಿ ಮೆಣಸಿನಕಾಯಿಯನ್ನು ಬದನೆಕಾಯಿಯಂತೆ ಪಲ್ಯ ಮಾಡಿ ತಿಂದು, "ನೋಡಿದ್ರ ಬೆಂಕಿ, ತಿಂದ್ರ ಟೊಮೆಟೊ" ಎಂದು ಮೂಗು ಮುರಿಯುತ್ತಿದ್ದಳು.

ಬಸ್ ನಿಲ್ದಾಣದ ಗೋಡೆಗೆ ಹಗ್ಗ ಕಟ್ಟಿ, ಸ್ವೆಟರು ತೂಗಿಹಾಕಿ ಆಕೆಯ ವ್ಯಾಪಾರ. ಒಮ್ಮೆ ಬೀಜದಂಗಡಿಯ ಸಾಹುಕಾರರೊಬ್ಬರು ಸ್ವೆಟರನ್ನು ಜಗ್ಗಿ ಜಗ್ಗಿ ನೋಡಿ, "ಬಣ್ಣ ಹೋಗೂದಿಲ್ಲಂತ ಗ್ಯಾರಂಟಿ ಏನೈತಿ?" ಎಂದರು.

"ನೀವು ಮಾರೂ ಬೀಜ ಎಲ್ಲಾ ಮೊಳೀತಾವೇನ್ರಿ, ಸಾಹುಕಾರ್ರ?"

ಸಾಹುಕಾರರು ನಕ್ಕು ಎರಡು ಕೊಂಡರು.

ಆ ಬೆಳಿಗ್ಗೆ ಗಂಟು ಕಟ್ಟುವ ಮೊದಲು ಡೋಲ್ಮಾ ಮಡಿಸಿದ ಒಂದು ಫಾರ್ಮನ್ನು ನನ್ನ ಮುಂದೆ ಹಿಡಿದಳು. ಎಸ್ಸೆಸ್ಸೆಲ್ಸಿ ಪಾಸಾದ ಮಗಳು ಪೇಮಾಳನ್ನು ಹಾವೇರಿಯಲ್ಲಿ ನರ್ಸ್ ತರಬೇತಿಗೆ ಸೇರಿಸಬೇಕು. ಅಂದೇ ಕಡೆಯ ದಿನ. ಫಾರ್ಮು ಇಂಗ್ಲಿಷಿನಲ್ಲಿತ್ತು, ನಾನು ಕಾನ್ವೆಂಟಿನಲ್ಲಿ ಓದಿದವಳು.

"ನಮ್ಮ ಕ್ಯಾಂಪಿನ ದವಾಖಾನಿ ನರ್ಸಿಗೆ ನಮ್ಮ ಭಾಷಾ ಬರೂದಿಲ್ರಿ. ಮುದುಕರು ಎದಿ ನೋವು ಅಂದ್ರ ಹೊಟ್ಟಿ ಗುಳಿಗಿ ಕೊಡ್ತಾಳ. ನಮ್ಮವ್ವಗೂ ಹಂಗ ಕೊಟ್ಟಳು."

ಅವ್ವ ಉಳಿದಿರಲಿಲ್ಲ. ನಾನು ಪೆನ್ನು ತೆಗೆದೆ.

"ವಯಸ್ಸು?"

"ಹದಿನೇಳು."

"ಹುಟ್ಟಿದ್ದು?"

"ನಮ್ಮ ಹೊಸ ವರ್ಷಕ್ಕ ನಾಕು ದಿನ ಮೊದಲು. ಹುಟ್ಟಿದ ಕೂಡ್ಲೆ ಒಂದು ವರ್ಷ. ಹೊಸ ವರ್ಷ ಬಂತು, ಎರಡಾತು."

ಬೆರಳು ಮಡಚಿ ಎಣಿಸಿದೆ. ನಮ್ಮ ಲೆಕ್ಕದಲ್ಲಿ ಹುಡುಗಿಗೆ ಹದಿನಾರೂ ತುಂಬಿರಲಿಲ್ಲ. ಹದಿನೇಳು ತುಂಬಿರಬೇಕೆಂದು ಫಾರ್ಮಿನಲ್ಲಿತ್ತು.

"ನಾಕು ದಿನದ ಕೂಸಿಗೆ ಎರಡು ವರ್ಷ ಅಂದ್ರ ಹೆಂಗ ಡೋಲ್ಮಾ?"

"ಒಂಬತ್ತು ತಿಂಗಳು ಹೊಟ್ಟ್ಯಾಗಿತ್ತಲ್ರಿ, ಅದೇನು ಸೌತಿಕಾಯೇನು? ನನ್ನ ಊಟ ಉಂಡದ್ದು ಲೆಕ್ಕಕ್ಕಿಲ್ಲೇನು?"

ನನಗೆ ನಗು ತಡೆಯಲಿಲ್ಲ. ಆಕೆ ನಗಲಿಲ್ಲ.

"ಈ ವರ್ಷ ಸೀಟು ಸಿಗಲಿಲ್ಲಂದ್ರ ಮುಂದಿನ ಚಳಿಗೆ ಆಕೀನೂ ಹಗ್ಗದ ಆ ತುದಿ ಹಿಡೀತಾಳ್ರಿ. ಒಮ್ಮೆ ಹಿಡದ್ರ ಬಿಡಾಕ ಬರೂದಿಲ್ಲ. ನಾ ಬಿಟ್ಟೇನೇನು?"

ನಿರಾಶ್ರಿತರಿಗೆ ಸರ್ಕಾರ ಕೊಡುವ ನೋಂದಣಿ ಪುಸ್ತಕವನ್ನು ಮುಂದಿಟ್ಟಳು. ತಾಯಿ ಹೇಳಿದ ವಯಸ್ಸನ್ನು ಅಂದಿನ ಇಸವಿಯಿಂದ ಕಳೆದು ಯಾವನೋ ಗುಮಾಸ್ತ ಅದರಲ್ಲಿ ಒಂದು ತಾರೀಖು ಬರೆದಿದ್ದ. ಅದರ ಪ್ರಕಾರ ಹದಿನೇಳು ತುಂಬಿತ್ತು. ಸುಳ್ಳಾಡಿದರೆ ನಮ್ಮ ಕಾನ್ವೆಂಟಿನ ಸಿಸ್ಟರುಗಳು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು, ಗಂಟುಗಳು ಚುರುಗುಟ್ಟಿದವು. ಆದರೂ ಆ ತಾರೀಖನ್ನೇ ದುಂಡಗೆ ನಕಲು ಮಾಡಿದೆ. ಡೋಲ್ಮಾ ಮಧ್ಯಾಹ್ನದ ಬಸ್ಸಿಗೆ ಹಾವೇರಿಗೆ ಓಡಿದಳು.

ಪೇಮಾಗೆ ಸೀಟು ಸಿಕ್ಕಿತು. ಮುಂದಿನ ಚಳಿಗೆ ನಮ್ಮಲ್ಲಿಗೆ ಬಂದದ್ದು ಡೋಲ್ಮಾಳ ತಂಗಿ. ಅಕ್ಕ ಹಾವೇರಿಯಲ್ಲಿ, ಮಗಳ ಹಾಸ್ಟೆಲಿನ ಹತ್ತಿರವೇ ವ್ಯಾಪಾರ ಹೂಡಿದ್ದಾಳೆಂದಳು. ಇಪ್ಪತ್ತೇ ಮೈಲಿ. ಹೋಗಿ ನೋಡಬೇಕೆಂದುಕೊಳ್ಳುತ್ತಲೇ ಉಳಿದೆ, ಆಕೆಯನ್ನು ಮತ್ತೆ ಕಾಣಲಿಲ್ಲ.

ಇದಾವುದೂ ಗೊತ್ತಿರದ, ಫಾರ್ಮು ತುಂಬಿದ ಆ ದಿನದ ಸಂಜೆ ಮಾತ್ರ ನಾನು ಕಟ್ಟೆಯ ಮೇಲೆ ಅಳುಕುತ್ತ ಕುಳಿತಿದ್ದೆ. ಪಕ್ಕದ ಮನೆಯ ನೀಲವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಅವಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವಳು ಸೊಪ್ಪಿನಿಂದ ತಲೆಯನ್ನೇ ಎತ್ತಲಿಲ್ಲ.

"ನಮ್ಮ ಐದೂ ಮಕ್ಕಳು ಸಾಲಿ ಪುಸ್ತಕದಾಗ ಜೂನ್ ಒಂದಕ್ಕ ಹುಟ್ಯಾವವಾ. ನಾ ಹಡದೆನೋ, ಹೆಡ್‌ಮಾಸ್ತರ ಹಡದ್ರೋ, ಇವತ್ತಿನತನಕ ಯಾರೂ ಕೇಳಿಲ್ಲ."