ಉಡಿ ತುಂಬುವ ಅಂಗಡಿ

ನಮ್ಮ ಅಪ್ಪನಿಗೆ ದೇವರ ಮೇಲೆ ನಂಬಿಕೆ ಇತ್ತೋ ಇಲ್ಲವೋ ಗೊತ್ತಿಲ್ಲ, ಅವ್ವನ ಕೈಗುಣದ ಮೇಲೆ ಮಾತ್ರ ಪೂರಾ ಇತ್ತು. ಹುಬ್ಬಳ್ಳಿಯ ಹಳೇ ಪೇಟೆಯ ಸಂದಿಯಲ್ಲಿ ನಮ್ಮದು ಅರಿವೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯ ಜವಳಿ ತೆಗೆಯಲು ಬಂದವರು ಗಾದಿಯ ಮೇಲೆ ಕಾಲು ಮಡಚಿ ಕೂತು, ಚಹಾದ ಮೇಲೆ ಚಹಾ ಕುಡಿದು, ಕಪಾಟಿನಲ್ಲಿದ್ದ ಸೀರೆಗಳನ್ನೆಲ್ಲ ಬಿಚ್ಚಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ಆರಿಸುತ್ತಿದ್ದರು. ಗಂಟು ಕಟ್ಟಿದ ಮೇಲೆ ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗುತ್ತಿದ್ದ: "ಕೇಳಿತೇನ? ಮದುಮಗಳು ಬಂದಾಳ ನೋಡು." ಅವ್ವ ಕೈ ತೊಳೆದುಕೊಂಡು, ಸೆರಗು ಹೊದ್ದುಕೊಂಡು ಇಳಿದು ಬರುತ್ತಿದ್ದಳು.

ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ಅರಿಷಿಣ ಕೊಂಬು, ಉತ್ತತ್ತಿ, ಎಲೆ ಅಡಿಕೆ ಹಾಕಿ, ಮೇಲೊಂದು ಕುಪ್ಪಸದ ಖಣ, ಅದರ ಮೇಲೆ ಕೊಬ್ಬರಿ ಬಟ್ಟಲು ಇಟ್ಟು ಅವ್ವ ಉಡಿ ತುಂಬುತ್ತಿದ್ದಳು. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಅರಿವೆ ಅಂಗಡಿಗಳಿಗೆ ಬರವೇ? ಆದರೂ ಧಾರವಾಡದಾಚೆಯ ಗರಗದಂಥ ಊರುಗಳಿಂದ ಜನ ಉಳಿದೆಲ್ಲ ಅಂಗಡಿ ದಾಟಿ ನಮ್ಮ ಸಂದಿಗೆ ಬರುತ್ತಿದ್ದುದು ಈ ಉಡಿಗಾಗಿ. ಅವ್ವ ಉಡಿ ತುಂಬಿದ ಹುಡುಗಿಯ ಮನೆಯಲ್ಲಿ ವರ್ಷದೊಳಗೆ ತೊಟ್ಟಿಲು ಕಟ್ಟಬೇಕಾಗುತ್ತದೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಯಾರೋ ಏನು, ಅಪ್ಪನೇ ಹಬ್ಬಿಸಿದ್ದು ಅಂತ ನನ್ನ ಗುಮಾನಿ. ಅಪ್ಪನಿಗೆ ಅದು ವ್ಯಾಪಾರ, ಅವ್ವನಿಗೆ ಅದು ಖರೇ.

ನಾನು ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವವಳು, ಸುಮ್ಮನಿರಲು ಬಾಯಿ ಕೇಳುತ್ತಿರಲಿಲ್ಲ. ಉಡಿಯನ್ನು ಮುತ್ತೈದೆಯರೇ ತುಂಬಬೇಕೆನ್ನುವ ಅವ್ವನನ್ನು ಅತ್ತೆಮನೆಯಿಂದ ಬಂದಾಗಲೆಲ್ಲ ಕೆಣಕುತ್ತಿದ್ದೆ. "ಗಂಡ ಸತ್ತಾಕಿ ತುಂಬಿದ್ರ ಅಕ್ಕಿಗೆ ಹುಳಾ ಬೀಳ್ತಾವೇನ?" ಅಂತ ಕೇಳಿದರೆ ಅವ್ವ ಉತ್ತತ್ತಿ ಆರಿಸುತ್ತ, "ಸುಮ್ನ ಕುಂದರವಾ. ನಿನಗ ತಿಳಿಯೂದಿಲ್ಲ" ಎನ್ನುತ್ತಿದ್ದಳು. ಕುಂಕುಮಕ್ಕೂ ಗಂಡನಿಗೂ ಸಂಬಂಧವಿಲ್ಲ, ಬೇಕಾದವರು ಹಚ್ಚಿಕೊಳ್ಳಲಿ ಎಂದು ನಾನು ಸಭೆಗಳಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅವ್ವ ಮಾತ್ರ ಒಮ್ಮೆಯೂ ತಲೆಯಾಡಿಸಲಿಲ್ಲ.

ಆಮೇಲೆ ಧಾರವಾಡದ ಕಡೆಗೆ ಹೋಗುವ ದೊಡ್ಡ ರಸ್ತೆಯಲ್ಲಿ ಶೋರೂಮು ಬಂತು. ಊರೂರಲ್ಲಿ ಅಂಗಡಿ ಇಟ್ಟಿರುವ ಕಂಪನಿಯದು. ಗಾಜಿನ ಗೋಡೆ, ತಂಪು ಗಾಳಿ, ತಾನೇ ಮೇಲಕ್ಕೊಯ್ಯುವ ಮೆಟ್ಟಿಲು. ಆ ಮೆಟ್ಟಿಲು ಹತ್ತಲಿಕ್ಕೆಂದೇ ಮಂದಿ ಮಕ್ಕಳುಮರಿ ಕಟ್ಟಿಕೊಂಡು ಹೋದರು, ಹೋದವರು ಕೈಬೀಸಿಕೊಂಡು ಬರುತ್ತಾರೆಯೇ? ಅಪ್ಪ ಮೊದಲು ನಕ್ಕ. "ಹೊಸಾದು, ನೋಡಿ ಬರ್ಲಿ ಬಿಡು. ಉಡಿ ಯಾರ್ ತುಂಬ್ತಾರ ಅಲ್ಲೆ?" ಅಂದ.

ಅವನ ಲೆಕ್ಕ ಅರ್ಧ ಸರಿಯಿತ್ತು. ಉಡಿಗಾಗಿ ಜನ ಬಂದೇ ಬಂದರು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಮದುಮಗಳ ಕಡೆಯ ಒಂದು ಹಿಂಡು ಹೆಂಗಸರು ಶೋರೂಮಿನ ಚೀಲಗಳನ್ನು ಎರಡೂ ಕೈಗೆ ತೂಗುಹಾಕಿಕೊಂಡು ಬಂದು ನಮ್ಮ ಗಾದಿಯ ಮೇಲೆ ಕೂತರು. "ಜವಳಿ ಎಲ್ಲಾ ಅಲ್ಲೇ ಆತ್ರಿ ಕಾಕಾ. ಉಡಿ ಮಾತ್ರ ಕಾಕೂನ ಕೈಲೇನ ಆಗ್ಲಿ ಅಂತ ಬಂದ್ವಿ" ಎಂದು ಹಿರಿಯಳೊಬ್ಬಳು ಹೇಳಿದಳು. ಅವಳ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಉಪಕಾರ ಮಾಡಲು ಬಂದವರ ಗತ್ತು ಇತ್ತು.

ಅಪ್ಪ ಚಹಾ ತರಿಸಿದ. ಅಭ್ಯಾಸ ಬಿಡಬೇಕಲ್ಲ. ಅವ್ವ ಇಳಿದು ಬಂದು ಚೀಲಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮಣೆ ಹಾಕಿದಳು. ಉಡಿಯಲ್ಲಿ ಖಣ ಇಡುವಾಗ ಮದುಮಗಳು, "ಈ ಬಣ್ಣ ಬ್ಯಾಡ್ರಿ, ಅಲ್ಲಿ ತಗೊಂಡ ಸೀರಿಗೆ ಮ್ಯಾಚ್ ಆಗೂದಿಲ್ಲ" ಅಂದಳು. ಅಪ್ಪ ಎದ್ದು, ಶೋರೂಮಿನ ಚೀಲದಿಂದ ಸೀರೆ ತೆಗೆಸಿ, ಅದರ ಅಂಚಿಗೆ ಹಿಡಿದು ನೋಡಿ, ಹೊಂದುವ ಖಣ ಹುಡುಕಿಕೊಟ್ಟ. ಅವರು ಹೋದ ಮೇಲೆ ನಾನು ಉರಿದುಬಿದ್ದೆ. ಅವ್ವ ಮಣೆ ಎತ್ತಿಡುತ್ತ, "ಉಡಿ ಒಡ್ಡಿದಾಕಿಗೆ ಇಲ್ಲಾ ಅನ್ನಲೇನ?" ಅಂದಳು. ಅಪ್ಪ ಬಿಚ್ಚಿದ ಖಣಗಳನ್ನು ಒಂದೊಂದಾಗಿ ಮಡಚಿದ.

ಆ ಸೀಸನ್ ಪೂರ್ತಿ ಹೀಗೇ ನಡೆಯಿತು. ಸೀರೆ ಅವರದು, ಅಕ್ಕಿ ಕೊಬ್ಬರಿ ನಮ್ಮದು. ಮರುವರ್ಷ ಅಪ್ಪ ಅಂಗಡಿ ಮುಚ್ಚಲು ನಿರ್ಧರಿಸಿ, ಇದ್ದ ಮಾಲನ್ನು ಸಿಕ್ಕ ದರಕ್ಕೆ ಮಾರುವುದಾಗಿ ಬಾಗಿಲಿಗೆ ಬರೆದು ಹಚ್ಚಿದ. ಅದನ್ನು ಓದಿ ಬಂದರು ನೋಡಿ ಜನ. ನಮ್ಮ ಅಂಗಡಿಯ ದಾರಿ ಮರೆತೇಹೋಗಿದೆ ಎಂದುಕೊಂಡಿದ್ದವರೆಲ್ಲ ಬಂದರು. ಇಬ್ಬರು ಗೆಳತಿಯರು ಒಂದೇ ಇಳಕಲ್ ಸೀರೆಯ ಎರಡು ತುದಿ ಹಿಡಿದು ಜಗ್ಗಾಡಿದರು. "ಅಂಗಡಿ ಮುಚ್ಚತೀರಿ ಅಂತ ಮೊದಲ ಹೇಳಿದ್ರ ನಾವು ಇಲ್ಲೇ ತಗೋತಿದ್ವಲ್ರಿ" ಎಂದು ಮರುಗಿದವಳು ಇನ್ನೂ ಕಡಿಮೆ ಮಾಡಿರೆಂದು ಹಟ ಹಿಡಿದಳು. ಕೊನೆಗೆ ಗಾದಿಯ ಮೇಲಿನ ಬಿಳಿ ಹಾಸನ್ನೂ ಒಬ್ಬಳು ಕೇಳಿ ಒಯ್ದಳು.

ಖಾಲಿ ಅಂಗಡಿಗೆ ಇನ್ನೂ ಬೀಗ ಬಿದ್ದಿರಲಿಲ್ಲ, ಶೋರೂಮಿನ ಮ್ಯಾನೇಜರ್ ಬಂದ. ಮೈಸೂರು ಕಡೆಯ ಹುಡುಗ, ಮೆತ್ತನೆಯ ಮಾತು. ತಮ್ಮ ಗಿರಾಕಿಗಳು ಉಡಿಗಾಗಿ ಇಲ್ಲಿಗೆ ಬರುತ್ತಿದ್ದುದು ಅವನಿಗೆ ತಿಳಿದಿತ್ತು. ತಮ್ಮಲ್ಲೇ ಒಂದು ಜಾಗ ಮಾಡಿಕೊಡುತ್ತೇವೆ, ಅಮ್ಮ ಬಂದು ಕೂತು ಉಡಿ ತುಂಬಿದರೆ ಸಾಕು ಎಂದ. ನಾನು ಅವನನ್ನು ಎಬ್ಬಿಸಿ ಕಳಿಸಬೇಕೆನ್ನುವಷ್ಟರಲ್ಲಿ ಅಪ್ಪ, ಬರಿದಾದ ಕಪಾಟುಗಳ ಕಡೆ ಮುಖ ಮಾಡಿ, ಅವ್ವನಿಗೆ ಹೇಳಿದ: "ಹೋಗು. ಅದೊಂದ ಉಳದೈತಿ ನಮ್ಮ ಅಂಗಡಿದು. ಅದನ್ನೂ ಅವರ ತಗೊಂಡ್ ಹೋಗ್ಲಿ."

ಗಂಡನ ಮಾತು ಮೀರಲಾರದೆ ಅವ್ವ ಹೋದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವನಿಗೆ ಆಸೆಯಿತ್ತು. ಕಂಡವರ ಹೆಣ್ಣುಮಕ್ಕಳು ತನ್ನ ಮುಂದೆ ಸೆರಗೊಡ್ಡಿ ಕೂರುತ್ತಿದ್ದರು, ಇನ್ನು ಯಾರೂ ಕೂರುವುದಿಲ್ಲ ಎನ್ನುವುದನ್ನು ಅವಳು ತಡೆದುಕೊಳ್ಳಲಾರಳು. ಅದೊಂದು ಕೈಯಲ್ಲಿದ್ದರೆ ಅಂಗಡಿ ಹೋದರೂ ಅವಳು ಅವಳಾಗಿಯೇ ಇರುತ್ತಿದ್ದಳು.

ಮೊದಲ ದಿನ ಸಂಜೆ ಮನೆಗೆ ಬಂದವಳು ಊಟ ಮಾಡಲಿಲ್ಲ. ಕೇಳಿ ಕೇಳಿ ಸಾಕಾದ ಮೇಲೆ ಹೇಳಿದಳು. ಅಲ್ಲಿ ಒಂದು ಅಲಂಕಾರದ ಮೂಲೆ, ಬಣ್ಣದ ದೀಪ, ಫೋಟೋ ತೆಗೆಯುವವನು. ಉಡಿ ತುಂಬಿ ಫೋಟೋ ಆದ ಕೂಡಲೇ ಒಬ್ಬ ತಟ್ಟೆ ಹಿಡಿದುಕೊಂಡು ಬಂದು ಎಲ್ಲವನ್ನೂ ವಾಪಸ್ ಹಾಕಿಸಿಕೊಳ್ಳುತ್ತಾನೆ. ಅದೇ ಅಕ್ಕಿ, ಅದೇ ಕೊಬ್ಬರಿ, ಮುಂದಿನವಳಿಗೆ. "ತುಂಬಿದ ಉಡಿ ಬರಿದು ಮಾಡಸ್ತಾರ. ಆ ಹುಡಿಗ್ಯಾರೂ ನಕ್ಕೋತ ಸುರೀತಾರ" ಅಂದಳು ಅವ್ವ.

ಮರುದಿನ ಬೆಳಿಗ್ಗೆ ಅಪ್ಪ ಪೇಟೆಗೆ ಹೋಗಿ, ಒಂದೊಂದನ್ನೂ ತಿರುಗಿಸಿ ನೋಡಿ, ಒಂದು ಚೀಲ ಕೊಬ್ಬರಿ ಬಟ್ಟಲು ಆರಿಸಿ ತಂದ. ಅಂದಿನಿಂದ ಅವ್ವ ಅದನ್ನು ಒಯ್ಯತೊಡಗಿದಳು. ಫೋಟೋ ಮುಗಿದು ತಟ್ಟೆ ಹೋದ ಮೇಲೆ, ಮದುಮಗಳ ಸೆರಗಿನ ತುದಿಗೆ ಮನೆಯ ಕೊಬ್ಬರಿಯೊಂದನ್ನು ಗುಟ್ಟಾಗಿ ಹಾಕಿ ಗಂಟು ಕಟ್ಟುತ್ತಿದ್ದಳು. ತನ್ನ ಅಂಗಡಿಯನ್ನು ನುಂಗಿದವರ ಗಿರಾಕಿಗಳಿಗೆ ಅಪ್ಪ ಪ್ರತಿ ವಾರ ಪೇಟೆ ಸುತ್ತಿ ಕೊಬ್ಬರಿ ತಂದ. ನನಗೆ ಸಿಟ್ಟು ಬರುತ್ತಿತ್ತು. ಅವನನ್ನು ಬೈಯಲು ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ಅಪ್ಪ ಊಟ ಮುಗಿಸಿ ಗೋಡೆಗೆ ಒರಗಿ ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದೆವು. ಓಣಿಯ ಹೆಂಗಸರು ಅವ್ವನ ಕುಂಕುಮ ಒರೆಸಿದರು, ಬಳೆ ತೆಗೆದರು. ನಾನು ಅಡ್ಡ ನಿಂತೆ. ಅವ್ವನೇ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. ಹಣೆಯ ಮೇಲೆ ವಿಭೂತಿ ಉಳಿಯಿತು.

ತಿಂಗಳು ತುಂಬಿರಲಿಲ್ಲ, ಮ್ಯಾನೇಜರ್ ಹಣ್ಣಿನ ಚೀಲ ಹಿಡಿದು ಬಂದ. ಚೀಲವನ್ನು ಅವ್ವನ ಮುಂದಿಟ್ಟು ಮಾತು ತೆಗೆದ. "ಅಮ್ಮ, ಮದುವೆ ಸೀಸನ್ ಶುರುವಾಗಿದೆ. ಜನ ನಿಮ್ಮನ್ನೇ ಕೇಳ್ತಾರೆ."

"ಇನ್ನ ನನಗ ಬರಾಂಗಿಲ್ಲಪಾ. ನನ್ನ ಕೈ ಉಡಿಗೆ ನಡಿಯೂದಿಲ್ಲ" ಅಂದಳು ಅವ್ವ.

"ಅಯ್ಯೋ, ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರಮ್ಮ? ಒಂದು ಕುಂಕುಮ ಇಟ್ಕೊಂಡು, ನಾಲ್ಕು ಬಳೆ ಹಾಕ್ಕೊಂಡು ಬನ್ನಿ. ದೂರದಿಂದ ಬಂದೋರಿಗೆ ಏನು ಗೊತ್ತಾಗುತ್ತೆ? ಸಂಜೆ ಅಳಿಸ್ಕೊಂಡು ಮನೆಗೆ ಹೋಗಿ."

ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಹೆಚ್ಚುಕಡಿಮೆ ಇದನ್ನೇ. ನಾನು ಸಭೆಯಲ್ಲಿ ಹೇಳಿದ್ದನ್ನು ಅವನು ಸೀರೆ ಮಾರಲು ಹೇಳುತ್ತಿದ್ದ, ನನಗಿಂತ ನಯವಾಗಿಯೂ ಹೇಳುತ್ತಿದ್ದ. ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು.

ಅವ್ವ ದನಿ ಏರಿಸಲಿಲ್ಲ. "ನಾ ನಿಮ್ಮ ಅಂಗಡಿ ಸಲುವಾಗಿ ತುಂಬಲಿಲ್ಲಪಾ. ಆ ಹುಡಿಗ್ಯಾರ ಸಲುವಾಗಿ ತುಂಬಿದೆ. ಅವರಿಗೆ ಮೋಸ ಹೆಂಗ ಮಾಡ್ಲಿ? ಚಹಾ ಕುಡದ ಹೋಗು" ಅಂದಳು. ಅವನು ಚಹಾ ಕುಡಿದು ಹೋದ.

ಅವನು ಹೋದ ಮೇಲೆ ನಾನು ಹೇಳಿದೆ: "ಅವನ ಸಲುವಾಗಿ ಬ್ಯಾಡವಾ. ನಿನ್ನ ಸಲುವಾಗಿ ಹಚ್ಕೊ. ನನ್ನ ಉಡಿ ತುಂಬು, ಇಲ್ಲೇ, ಈಗ." ಸೆರಗು ಒಡ್ಡಿ ಅವಳ ಮುಂದೆ ಕೂತುಬಿಟ್ಟೆ. ಉಡಿ ಒಡ್ಡಿದವಳಿಗೆ ಇಲ್ಲ ಅನ್ನದ ಅವ್ವ ನನ್ನ ಸೆರಗನ್ನು ಎತ್ತಿ ನನ್ನ ಹೆಗಲಿಗೇ ಹೊದಿಸಿದಳು. "ಇನ್ನ ನೀ ಹೇಳಿದ್ರೂ ಅಂವಾ ಹೇಳಿದಂಗ ಕೇಳ್ತೈತಿ" ಅಂದಳು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ, ಸಭೆಯಲ್ಲೂ ಎತ್ತಲಿಲ್ಲ.

ಮುಂದಿನ ಬೇಸಿಗೆಗೆ ಅಪ್ಪನ ತಮ್ಮ, ನಮ್ಮ ಕಾಕಾನ ಮಗಳ ಮದುವೆ ನಿಶ್ಚಯವಾಯಿತು. ಜವಳಿಗೆ ಎಲ್ಲರೂ ಶೋರೂಮಿಗೇ ಹೊರಟರು. ಬೇರೆಲ್ಲಿಗೆ ಹೋಗುವುದು? ನಮ್ಮ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ಹಿರಿಯಳೆಂದು ಅವ್ವನನ್ನೂ ಕರೆದರು, ಅವ್ವ ಬಂದಳು.

ಬಾಗಿಲ ಮೇಲೆ ಗೋಡೆಯಷ್ಟು ದೊಡ್ಡ ಬೋರ್ಡು. ಅದರಲ್ಲಿ ಅವ್ವ. ಹಣೆ ತುಂಬ ಕುಂಕುಮ, ಮೊಣಕೈವರೆಗೆ ಹಸಿರು ಬಳೆ, ಎದುರಿನ ಮದುಮಗಳ ಉಡಿಗೆ ಕೊಬ್ಬರಿ ಇಡುತ್ತಿದ್ದಾಳೆ. ಅವಳು ಬಿಟ್ಟು ಹೋದರೂ ಫೋಟೋವನ್ನು ಅವರು ಬಿಟ್ಟಿರಲಿಲ್ಲ. ಕಾಕಾನ ಮಗಳು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಳು. ಅವ್ವ ಒಮ್ಮೆ ತಲೆ ಎತ್ತಿ ನೋಡಿ, ಒಳಗೆ ನಡೆದಳು.

ಜವಳಿ ಮುಗಿದು ಎಲ್ಲರೂ ಆ ಅಲಂಕಾರದ ಮೂಲೆಗೆ ಬಂದೆವು. ಈಗ ಉಡಿ ತುಂಬುವವಳು ಅಲ್ಲಿ ಕೆಲಸಕ್ಕಿದ್ದ ಹುಡುಗಿ. ಮದುವೆಯಾಗಿರಲಿಲ್ಲವಂತೆ, ಕೊರಳಲ್ಲಿದ್ದ ತಾಳಿ ಕಂಪನಿಯದು, ಸಂಜೆ ಬಿಚ್ಚಿಕೊಟ್ಟು ಹೋಗುವುದು. ಅದನ್ನು ಅವಳೇ ನಗುತ್ತ ಹೇಳಿದಳು, ನಮ್ಮವರೂ ನಕ್ಕರು. ಅಷ್ಟರಲ್ಲಿ ಮದುಮಗಳ ತಾಯಿ, ನಮ್ಮ ಕಾಕು, ಅವ್ವನ ಹತ್ತಿರ ಬಂದಳು. ಮದುಮಗಳಾಗಿ ಬಂದಾಗ ಇವಳ ಉಡಿ ತುಂಬಿದವಳೂ ಅವ್ವನೇ. "ಅಕ್ಕಾರ, ನೀವು ಅಲ್ಲಿ ಕುರ್ಚಿ ಮ್ಯಾಲ ಕುಂದರ್ರಿ. ಕಾಲು ನೋಯ್ತಾವು ನಿಮಗ" ಅಂದಳು. ಆ ಕುರ್ಚಿ ಕಂಬದ ಆಚೆ ಇತ್ತು. ಅವ್ವ ಹೋಗಿ ಕೂತಳು, ನಾನೂ ಪಕ್ಕಕ್ಕೆ ಹೋಗಿ ನಿಂತೆ.

ಫೋಟೋ ಆಯಿತು. ತಟ್ಟೆ ಬಂತು. ಕಾಕಾನ ಮಗಳು ಉಡಿ ಸುರಿದಳು. ಅವ್ವ ತನ್ನ ಕೈಚೀಲಕ್ಕೆ ಕೈ ಹಾಕಿ ಒಂದು ಕೊಬ್ಬರಿ ಬಟ್ಟಲು ತೆಗೆದಳು. ಅಪ್ಪ ತಂದಿದ್ದರಲ್ಲಿ ಉಳಿದದ್ದು. "ನೀ ಹಾಕವಾ ಆಕಿ ಉಡ್ಯಾಗ. ನಿನಗ ನಡೀತೈತಿ" ಎಂದು ನನ್ನ ಕೈಗೆ ಕೊಟ್ಟಳು. ನಾನು ಒಯ್ದೆ. ಮದುಮಗಳು ಸೆರಗು ಹಿಂದಕ್ಕೆಳೆದುಕೊಂಡಳು. "ಬ್ಯಾಡಕ್ಕಾ, ಸೀರಿಗೆ ಎಣ್ಣಿ ಹತ್ತತೈತಿ" ಅಂದಳು. ಕೊಬ್ಬರಿಯನ್ನು ತಂದು ಅವ್ವನಿಗೆ ಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ ಚೀಲದೊಳಗೆ ಇಟ್ಟುಕೊಂಡಳು.

ಉಡಿ ತುಂಬುವ ಆ ಹುಡುಗಿ ತಟ್ಟೆ ಹಿಡಿದುಕೊಂಡು ನಮ್ಮ ಮುಂದೆ ಹಾದುಹೋಗುವವಳು ನಿಂತು, ಅವ್ವನ ಮುಖವನ್ನೇ ನೋಡಿದಳು. "ಅಮ್ಮಾರ, ಹೊರಗ ಬೋರ್ಡಿನ್ಯಾಗ ಇರೂದು ನೀವ ಅಲ್ರಿ?"

"ಅಲ್ಲವಾ" ಅಂದಳು ಅವ್ವ. "ಆಕಿಗೆ ಗಂಡ ಅದಾನ."

ಹುಡುಗಿ "ಹೌದ್ರಿ?" ಎಂದು, ತಟ್ಟೆಯ ಕೊಬ್ಬರಿಯನ್ನು ಸರಿಪಡಿಸಿಕೊಂಡು, ಮುಂದಿನ ಮದುಮಗಳ ಕಡೆಗೆ ಹೋದಳು.